ಪೆಟ್ಟಿಗೆಯ ಬಂಗಾರ, ಖಾತೆಯ ಬಂಗಾರ

ದೀಪಾವಳಿಯ ಪಾಡ್ಯದ ಮರುದಿನ ಹಾವೇರಿ ಜಿಲ್ಲೆಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಹಿರಿಯ ಮಗಳ ಲಗ್ನ ನಿಶ್ಚಯವಾಗಿತ್ತು. ಆ ಮಗು ಹುಟ್ಟಿದ ವರ್ಷದಿಂದಲೂ ಅಕ್ಕ ಪ್ರತಿ ಹಬ್ಬಕ್ಕೂ ಒಂದು ಉಂಗುರ, ಒಂದು ಜೊತೆ ಓಲೆ, ಒಮ್ಮೆ ಬೋರಮಾಳ ಸರ ಎಂದು ಸ್ವಲ್ಪ ಸ್ವಲ್ಪವಾಗಿ ಬಂಗಾರ ಕೂಡಿಡುತ್ತ ಬಂದಿದ್ದಳು. ನೋಟುಬುಕ್ಕಿನಲ್ಲಿ ಎಲ್ಲದರ ತೂಕವೂ ಇತ್ತು. ಒಟ್ಟು 52 ಗ್ರಾಂ. ಅವನ್ನೆಲ್ಲ ಕೊಟ್ಟು ಲಗ್ನಕ್ಕೆ ಬೇಕಾದ ಪಾಟ್ಲಿ, ಬಿಲ್ವಾರ ಮಾಡಿಸಬೇಕೆಂದು ಅಂಗಡಿಗೆ ಒಯ್ದಾಗ ಅವರು ಕರಗಿಸಿ, ಒರೆ ನೋಡಿ, ಶುದ್ಧ ಚಿನ್ನದ ಲೆಕ್ಕದಲ್ಲಿ 41 ಗ್ರಾಂ ಎಂದು ಚೀಟಿ ಬರೆದುಕೊಟ್ಟಿದ್ದರು.

“ತಮ್ಮಾ, ಬ್ಯಾಂಕಿನಾಗ ಮೂವತ್ತು ವರ್ಷ ಲೆಕ್ಕಾ ಬರದಾಂವ ನೀ. ಉಳಿದ ಹನ್ನೊಂದು ಗ್ರಾಂ ಎಲ್ಲಿ ಹೋತು, ಹೇಳು ನೋಡೂಣು” ಎಂದು ಅಕ್ಕ ಚೀಟಿಯನ್ನು ನನ್ನ ಮುಂದಿಟ್ಟಳು.

ಅಂಗಡಿಯವರು ಮೋಸ ಮಾಡಿದ್ದರೆಂದು ಹೇಳಲು ನನಗೆ ಆಧಾರವಿರಲಿಲ್ಲ. 22 ಕ್ಯಾರೆಟ್ ಆಭರಣವೆಂದರೆ ನೂರಕ್ಕೆ 91.6ರಷ್ಟು ಮಾತ್ರ ಚಿನ್ನ. 52 ಗ್ರಾಮಿನಲ್ಲಿ ಅಲ್ಲಿಗೇ ನಾಲ್ಕು ಗ್ರಾಮಿಗೂ ಮಿಕ್ಕಿ ತಾಮ್ರ-ಬೆಳ್ಳಿಯ ಪಾಲಾಯಿತು. ಬೋರಮಾಳದ ಗುಂಡುಗಳೊಳಗಿನ ಅರಗು, ಓಲೆಯ ಹರಳು, ಕೊಂಡಿಯ ಬೆಸುಗೆ ಇವೂ ತೂಕದಲ್ಲಿ ಸೇರಿದ್ದವು. ಹಾಲ್‌ಮಾರ್ಕ್ ಮುದ್ರೆ ಕಡ್ಡಾಯವಾಗತೊಡಗಿದ್ದು 2021ರ ಜೂನ್‌ನಿಂದ. ಆರು ಅಕ್ಷರಾಂಕಗಳ ಗುರುತಿಲ್ಲದೆ ಮಾರಕೂಡದೆಂಬ ನಿಯಮ ಬಂದದ್ದು 2023ರ ಏಪ್ರಿಲ್ 1ರಿಂದ. ಅದಕ್ಕೂ ಮುಂಚಿನ ಒಡವೆಗಳಲ್ಲಿ ಅಂಗಡಿಯವರು ಬಾಯಲ್ಲಿ ಹೇಳಿದ ಕ್ಯಾರೆಟ್ಟೇ ಪ್ರಮಾಣವಾಗಿತ್ತು. ಇದಿಷ್ಟನ್ನೂ ಅಕ್ಕನಿಗೆ ವಿವರಿಸಿದೆ. ಆಕೆ ಸಮಾಧಾನಗೊಳ್ಳಲಿಲ್ಲ; ಗೊಳ್ಳಬೇಕಾದ ಕಾರಣವೂ ಇರಲಿಲ್ಲ.

ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಕಿರಿಯ ಮಗಳು ಮಾತು ತೆಗೆದಳು. “ಮಾಮಾ, ನನ್ನ ಲಗ್ನಕ್ಕ ಅಂತ ಇನ್ನ ಮುಂದ ಒಡವಿ ತಗೊಳ್ಳೂದು ಬ್ಯಾಡ. ಗೋಲ್ಡ್ ಇಟಿಎಫ್‌ನಾಗ ಹಾಕೂಣು. ಆದರ ಹತ್ತಾರು ಅದಾವು. ಯಾವುದು ಛಲೋ, ನೀವ ನೋಡಿ ಹೇಳ್ರಿ.” ಭಾವನವರು ನಕ್ಕರು. ಕೈಯಲ್ಲಿ ಹಿಡಿಯಲು ಬಾರದ್ದು ಬಂಗಾರ ಹೇಗಾದೀತು ಎಂಬುದು ಅವರ ಪ್ರಶ್ನೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ನಾನು ತಿಳಿದುಕೊಂಡುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ. ಇದೇ ಮಾತುಕತೆ ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿರಬಹುದು.

ಏನಿದು ಚಿನ್ನದ ಇಟಿಎಫ್?

ಹೆಸರು ಹೊಸದಾದರೂ ವಿಚಾರ ಸರಳವಾದುದು. ಅನೇಕರಿಂದ ಹಣ ಸಂಗ್ರಹಿಸಿ ಮ್ಯೂಚುವಲ್ ಫಂಡ್ ಸಂಸ್ಥೆಯು ನೂರಕ್ಕೆ 99.5 ಅಥವಾ ಅದಕ್ಕೂ ಹೆಚ್ಚಿನ ಶುದ್ಧತೆಯ ಚಿನ್ನದ ಗಟ್ಟಿಗಳನ್ನು ಕೊಳ್ಳುತ್ತದೆ. ಆ ಗಟ್ಟಿಗಳು ಸಂಸ್ಥೆಯ ಕೈಯಲ್ಲಿರದೆ, ಸೆಬಿಯಲ್ಲಿ ನೋಂದಾಯಿತವಾದ ಬೇರೊಬ್ಬ ಪಾಲಕರ ಭದ್ರ ಕೊಠಡಿಯಲ್ಲಿರುತ್ತವೆ. ಲೆಕ್ಕಪರಿಶೋಧಕರು ಕಾಲಕಾಲಕ್ಕೆ ಅವನ್ನು ಪ್ರತ್ಯಕ್ಷ ಪರಿಶೀಲಿಸಿ ವರದಿ ಕೊಡಬೇಕು. ಆ ಚಿನ್ನದ ಒಡೆತನವನ್ನು ಸಣ್ಣ ಸಣ್ಣ ಪಾಲುಗಳಾಗಿ ಮಾಡಿ ‘ಯೂನಿಟ್’ ಎಂದು ಕರೆಯುತ್ತಾರೆ. ಷೇರುಪೇಟೆ ತೆರೆದಿರುವ ಹೊತ್ತಿನಲ್ಲಿ ಷೇರುಗಳಂತೆಯೇ ಈ ಯೂನಿಟ್‌ಗಳನ್ನು ಕೊಳ್ಳಬಹುದು, ಮಾರಬಹುದು. ಅವು ನಮ್ಮ ಡಿಮ್ಯಾಟ್ ಖಾತೆಯಲ್ಲಿರುತ್ತವೆ.

ಇಂಥ ನಿಧಿಯ ಪ್ರಸ್ತಾವವನ್ನು ಮುಂಬಯಿಯ ಬೆಂಚ್‌ಮಾರ್ಕ್ ಎಂಬ ಸಂಸ್ಥೆ 2002ರಲ್ಲಿಯೇ ಸೆಬಿಯ ಮುಂದಿಟ್ಟಿತ್ತು. ಒಪ್ಪಿಗೆ ಬರುವುದರೊಳಗೆ 2003ರಲ್ಲಿ ಆಸ್ಟ್ರೇಲಿಯಾದಲ್ಲಿ, 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಇಂಥ ನಿಧಿಗಳು ಪೇಟೆಗೆ ಬಂದವು. ನಮ್ಮಲ್ಲಿ ಬೆಂಚ್‌ಮಾರ್ಕ್‌ನವರ ‘ಗೋಲ್ಡ್ ಬೀಸ್’ ಆರಂಭವಾದದ್ದು 2007ರಲ್ಲಿ. ಒಡೆಯರು ಹಲವು ಬಾರಿ ಬದಲಾಗಿ ಈಗ ಅದು ನಿಪ್ಪಾನ್ ಇಂಡಿಯಾ ಸಂಸ್ಥೆಯ ಬಳಿಯಿದೆ. ಚಿನ್ನದ ಮೋಹದಲ್ಲಿ ಜಗತ್ತಿಗೇ ಮುಂದಿರುವ ನಾಡು ಚಿನ್ನದ ನಿಧಿಯಲ್ಲಿ ಮಾತ್ರ ಹಿಂದೆ ಬಿದ್ದದ್ದು ವಿಚಿತ್ರವೇ ಸರಿ. 1968ರ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೂ ಜಾರಿಯಲ್ಲಿದ್ದು, ಗಟ್ಟಿ ಚಿನ್ನ ಇಟ್ಟುಕೊಳ್ಳುವುದೇ ಅಪರಾಧವೆನಿಸಿದ್ದನ್ನು ಕಂಡ ಹಿರಿಯರಿಗೆ ಇದರಲ್ಲಿ ಅಚ್ಚರಿ ಕಾಣಲಾರದು.

ಒಡವೆಯ ಲೆಕ್ಕವನ್ನು ಮೊದಲು ನೋಡಿಬಿಡೋಣ. ಒಂದು ಲಕ್ಷ ರೂಪಾಯಿ ಬೆಲೆಯ ಚಿನ್ನವಿರುವ ಸರವೊಂದನ್ನು ಕೊಳ್ಳುತ್ತೇವೆನ್ನೋಣ. ಮಜೂರಿ ಶೇಕಡಾ 12 ಎಂದಿಟ್ಟುಕೊಂಡರೆ 12,000 ರೂಪಾಯಿ. ಒಟ್ಟು ಮೊತ್ತದ ಮೇಲೆ ಶೇಕಡಾ 3ರಂತೆ ಜಿಎಸ್‌ಟಿ 3,360 ರೂಪಾಯಿ. ಕೊಟ್ಟದ್ದು 1,15,360. ದರ ಬದಲಾಗದಿದ್ದರೆ ಮರುದಿನ ಮಾರಲು ಹೋದವರಿಗೆ ಹೆಚ್ಚೆಂದರೆ ಒಂದು ಲಕ್ಷ. ಬ್ಯಾಂಕಿನ ಚಿನ್ನದ ನಾಣ್ಯಕ್ಕೆ ಮಜೂರಿ ಕಡಿಮೆ, ಆದರೆ ಮಾರಿದ ಬ್ಯಾಂಕು ಅದನ್ನು ಮರಳಿ ಕೊಳ್ಳುವುದಿಲ್ಲ, ಅಂಗಡಿಗೇ ಹೋಗಬೇಕು. ಇಟಿಎಫ್ ಕೊಳ್ಳುವಾಗ ಮಜೂರಿಯೂ ಇಲ್ಲ, ನಮ್ಮಿಂದ ಚಿನ್ನದ ಜಿಎಸ್‌ಟಿಯೂ ಇಲ್ಲ. ದಲ್ಲಾಳಿಯ ಅಲ್ಪ ಶುಲ್ಕವಷ್ಟೇ.

ಹಾಗೆಂದು ಹೊರೆಯೇ ಇಲ್ಲವೆಂದಲ್ಲ. ಅದು ಕಣ್ಣಿಗೆ ಕಾಣದ ಕಡೆ ಇದೆ. ನಿಧಿ-ನಿಧಿಗಳನ್ನು ಹೋಲಿಸುವಾಗ ನೋಡಬೇಕಾದದ್ದೂ ಅದನ್ನೇ.

ಸವೆಯುವ ಗ್ರಾಂ

ನಮ್ಮ ಅವ್ವನ ಕಾಲದಲ್ಲಿ ತೊಲವೆಂದರೆ 11.66 ಗ್ರಾಂ. ಇಂದು ಅಂಗಡಿಗಳಲ್ಲಿ ತೊಲವೆಂದರೆ ಹತ್ತೇ ಗ್ರಾಂ. ಹೆಸರು ಹಾಗೆಯೇ ಉಳಿದು ತೂಕ ಮಾತ್ರ ಇಳಿಯಿತು. ಇಟಿಎಫ್‌ನ ಯೂನಿಟ್ಟಿನ ಕಥೆಯೂ ಇಂಥದೇ.

ಒಂದು ಯೂನಿಟ್ಟೆಂದರೆ ಒಂದು ಗ್ರಾಂ, ಅಥವಾ ಒಂದು ಗ್ರಾಮಿನ ನೂರನೆಯ ಒಂದು ಪಾಲು ಎಂದು ಹೇಳುವುದು ವಾಡಿಕೆ. ನಿಧಿ ಹುಟ್ಟಿದ ದಿನದ ಮಟ್ಟಿಗೆ ಅದು ನಿಜ. ಆದರೆ ಕೊಠಡಿಯ ಬಾಡಿಗೆ, ಪಾಲಕರ ಶುಲ್ಕ, ಲೆಕ್ಕಪರಿಶೋಧಕರ ಸಂಬಳ, ನಿರ್ವಹಣೆಯ ಖರ್ಚು ಎಲ್ಲವೂ ನಿಧಿಯಿಂದಲೇ ಹೋಗಬೇಕು. ಚಿನ್ನವು ಬಡ್ಡಿಯನ್ನೂ ತರುವುದಿಲ್ಲ, ಲಾಭಾಂಶವನ್ನೂ ತರುವುದಿಲ್ಲ. ಆದ್ದರಿಂದ ಖರ್ಚಿಗಾಗಿ ನಿಧಿಯ ಚಿನ್ನವೇ ಸ್ವಲ್ಪ ಸ್ವಲ್ಪವಾಗಿ ಕರಗಬೇಕು. ಈ ಖರ್ಚನ್ನು ‘ವೆಚ್ಚ ಅನುಪಾತ’ವೆಂದು ವರ್ಷಕ್ಕೆ ನೂರಕ್ಕಿಷ್ಟು ಎಂಬ ಲೆಕ್ಕದಲ್ಲಿ ತೋರಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದ ಚಿನ್ನದ ನಿಧಿಗಳಲ್ಲಿ ಇದು ಬಹುಮಟ್ಟಿಗೆ 0.3ರಿಂದ 0.8ರ ಸುತ್ತಮುತ್ತ ಇದೆ.

ಅರ್ಧ ರೂಪಾಯಿಯ ವ್ಯತ್ಯಾಸ, ಅದೇನು ಮಹಾ ಎಂದು ನನಗೂ ಮೊದಲು ಅನ್ನಿಸಿತು. ಕಾಗದ ಪೆನ್ಸಿಲು ಹಿಡಿದು ಕುಳಿತಾಗ ತಿಳಿಯಿತು. ಇಂದು 100 ಗ್ರಾಂ ಚಿನ್ನಕ್ಕೆ ಸಮನಾದ ಯೂನಿಟ್‌ಗಳನ್ನು ಕೊಂಡು 20 ವರ್ಷ ಇಟ್ಟೆವೆನ್ನೋಣ. ವರ್ಷಕ್ಕೆ 0.3ರಂತೆ ಖರ್ಚಾದರೆ ಕೊನೆಗೆ ಉಳಿಯುವುದು ಸುಮಾರು 94 ಗ್ರಾಂ. 0.5ರಂತೆ ಆದರೆ ಸುಮಾರು 90 ಗ್ರಾಂ. 0.8ರಂತೆ ಆದರೆ 85 ಗ್ರಾಂ ಮಾತ್ರ. ಯೂನಿಟ್‌ಗಳ ಸಂಖ್ಯೆ ಮೂರರಲ್ಲಿಯೂ ಒಂದೇ ಆಗಿರುತ್ತದೆ. ಆದ್ದರಿಂದ ಖಾತೆಯ ಚೀಟಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂಬತ್ತು ಗ್ರಾಂ ಹೋಯಿತು, ಅಕ್ಕನ ಹನ್ನೊಂದು ಗ್ರಾಂ ಹೋದಂತೆಯೇ.

ಆದ್ದರಿಂದ ‘ಈ ನಿಧಿ ಮೂರು ವರ್ಷದಲ್ಲಿ ಇಷ್ಟು ಗಳಿಸಿತು, ಆ ನಿಧಿ ಅಷ್ಟು ಗಳಿಸಿತು’ ಎಂಬ ಪಟ್ಟಿಗಳನ್ನು ನೋಡಿ ಆರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಷೇರಿನ ನಿಧಿಗಳಲ್ಲಿ ಒಬ್ಬರ ಆಯ್ಕೆ ಇನ್ನೊಬ್ಬರದಕ್ಕಿಂತ ಭಿನ್ನವಿರುತ್ತದೆ. ಇಲ್ಲಿ ಎಲ್ಲರ ಕೊಠಡಿಯಲ್ಲಿರುವುದೂ ಒಂದೇ ಚಿನ್ನ, ಒಂದೇ ದರ. ಗಳಿಕೆಯಲ್ಲಿ ಕಾಣುವ ವ್ಯತ್ಯಾಸವು ಬಹುಪಾಲು ಖರ್ಚಿನ ವ್ಯತ್ಯಾಸವೇ. ಒಂದು ನಿಧಿಯ ಯೂನಿಟ್ಟಿನ ದರ ಇನ್ನೊಂದಕ್ಕಿಂತ ಕಡಿಮೆಯಿದ್ದರೆ ಅದನ್ನು ಅಗ್ಗವೆಂದು ಭಾವಿಸುವುದೂ ತಪ್ಪು. ಅದರ ಯೂನಿಟ್ಟಿನಲ್ಲಿರುವ ಚಿನ್ನವೇ ಕಡಿಮೆ. ಗೋಲ್ಡ್ ಬೀಸ್‌ನ ಯೂನಿಟ್ 2019ರ ಡಿಸೆಂಬರಿನವರೆಗೆ ಗ್ರಾಮಿನ ಲೆಕ್ಕದಲ್ಲಿತ್ತು. ಆಗ ಅದನ್ನು ನೂರು ಪಾಲು ಮಾಡಿದರು. ದರ ನೂರನೆಯ ಒಂದು ಭಾಗಕ್ಕೆ ಇಳಿಯಿತೇ ಹೊರತು ಯಾರಿಗೂ ಲಾಭನಷ್ಟಗಳಾಗಲಿಲ್ಲ.

ಪೇಟೆಯ ಗದ್ದಲವೂ ಬೇಕು

ಹಾಗಾದರೆ ಖರ್ಚು ಕಡಿಮೆಯಿರುವ ನಿಧಿಯನ್ನು ಕಣ್ಣು ಮುಚ್ಚಿ ಆರಿಸಬಹುದೆ? ಸೊಸೆಯಂದಿರಿಗೆ ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತಿತ್ತು. (ಅಕ್ಕನ ಮಕ್ಕಳನ್ನು ಸೊಸೆ ಎನ್ನುವುದು ನಮ್ಮ ಕಡೆಯ ರೂಢಿ.)

ಯೂನಿಟ್‌ಗಳನ್ನು ನಾವು ಕೊಳ್ಳುವುದು ನಿಧಿಯಿಂದಲ್ಲ, ಪೇಟೆಯಲ್ಲಿ ಮಾರಲು ನಿಂತ ಮತ್ತೊಬ್ಬರಿಂದ. ದನದ ಸಂತೆಯಲ್ಲಿ ಜನ ಹೆಚ್ಚು ಸೇರಿದಷ್ಟೂ ದರ ನ್ಯಾಯವಾಗಿರುವಂತೆ ಇಲ್ಲಿಯೂ ವಹಿವಾಟು ಹೆಚ್ಚಿದ್ದಷ್ಟೂ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಕಡಿಮೆ. ಯೂನಿಟ್ಟಿನ ನಿಜವಾದ ಮೌಲ್ಯ 100 ರೂಪಾಯಿ ಇದ್ದಾಗ ಜನನಿಬಿಡ ನಿಧಿಯಲ್ಲಿ ಕೆಲವೇ ಪೈಸೆ ಹೆಚ್ಚು ಕೊಟ್ಟು ಕೊಳ್ಳಬಹುದು, ಕೆಲವೇ ಪೈಸೆ ಬಿಟ್ಟು ಮಾರಬಹುದು. ವಹಿವಾಟು ವಿರಳವಾಗಿರುವ ನಿಧಿಯಲ್ಲಿ ಈ ಅಂತರ ಅರ್ಧ ರೂಪಾಯಿ, ಒಂದು ರೂಪಾಯಿಯೂ ಆಗಬಹುದು. ಈ ದೃಷ್ಟಿಯಿಂದ ಹಳೆಯದಾದ ಗೋಲ್ಡ್ ಬೀಸ್‌ಗೆ ದೊಡ್ಡ ಅನುಕೂಲವಿದೆ. ಅದರ ವಹಿವಾಟು ವಿಪುಲ. ಆದರೆ ವೆಚ್ಚದಲ್ಲಿ ಅದು ಮೇಲಿನ ತುದಿಗೆ ಹತ್ತಿರ. 2024ರಲ್ಲಿ ಆರಂಭವಾದ ಝೆರೋಧಾ ಸಂಸ್ಥೆಯ ನಿಧಿಯಂಥವು ವೆಚ್ಚದಲ್ಲಿ ಕೆಳತುದಿಗೆ ಹತ್ತಿರ, ಗಾತ್ರದಲ್ಲಿ ಚಿಕ್ಕವು. ಐಸಿಐಸಿಐ ಪ್ರುಡೆನ್ಷಿಯಲ್, ಎಚ್‌ಡಿಎಫ್‌ಸಿ ಮೊದಲಾದವರ ನಿಧಿಗಳು ಇವೆರಡರ ನಡುವೆ ನಿಲ್ಲುತ್ತವೆ.

ಇಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಕೊಳ್ಳುವ-ಮಾರುವ ದರದ ಅಂತರ ಒಮ್ಮೆ ಮಾತ್ರ ತಗಲುವ ಗಾಯ. ವೆಚ್ಚವು ಪ್ರತಿವರ್ಷ ತಗಲುವ ಸವಕಳಿ. ಒಂದು ನಿಧಿಯಲ್ಲಿ ಅಂತರದಿಂದ ನೂರಕ್ಕೆ ಒಂದು ರೂಪಾಯಿ ಹೆಚ್ಚು ಹೋಗುತ್ತದೆ, ಆದರೆ ವೆಚ್ಚ ವರ್ಷಕ್ಕೆ ಅರ್ಧ ರೂಪಾಯಿ ಕಡಿಮೆ ಎಂದಾದರೆ, ಎರಡೇ ವರ್ಷದಲ್ಲಿ ಲೆಕ್ಕ ಸರಿಹೋಗುತ್ತದೆ. ಮೂರನೆಯ ವರ್ಷದಿಂದ ಲಾಭವೇ. ಆದ್ದರಿಂದ ಒಂದೆರಡು ವರ್ಷದಲ್ಲಿ ಲಗ್ನವಿರುವವರು ವಹಿವಾಟು ಹೆಚ್ಚಿರುವ ನಿಧಿಯನ್ನೂ, ಹತ್ತು ಹದಿನೈದು ವರ್ಷ ಇಡುವವರು ವೆಚ್ಚ ಕಡಿಮೆಯಿರುವ ನಿಧಿಯನ್ನೂ ನೋಡುವುದು ಯುಕ್ತ. ವೆಚ್ಚವನ್ನು ಸಂಸ್ಥೆಗಳು ಬದಲಿಸುವುದುಂಟು; ವರ್ಷಕ್ಕೊಮ್ಮೆಯಾದರೂ ಕಣ್ಣಾಡಿಸಬೇಕು.

ಇನ್ನೊಂದು ಎಚ್ಚರಿಕೆ. ಜನ ಮುಗಿಬಿದ್ದ ದಿನಗಳಲ್ಲಿ ಯೂನಿಟ್ಟಿನ ಪೇಟೆಯ ದರವು ಅದರೊಳಗಿನ ಲೋಹದ ಬೆಲೆಗಿಂತ ಮೇಲೇರಿಬಿಡುತ್ತದೆ. 2025ರ ಅಕ್ಟೋಬರಿನಲ್ಲಿ ಬೆಳ್ಳಿಯ ಇಟಿಎಫ್‌ಗಳಲ್ಲಿ ಹೀಗೆಯೇ ಆಗಿ, ಕೆಲವು ಸಂಸ್ಥೆಗಳು ತಮ್ಮ ಬೆಳ್ಳಿಯ ನಿಧಿಗಳಿಗೆ ಹೊಸದಾಗಿ ದೊಡ್ಡ ಮೊತ್ತ ಸ್ವೀಕರಿಸುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆ ದಿನಗಳಲ್ಲಿ ಕೊಂಡವರು ಲೋಹಕ್ಕಲ್ಲ, ಗದ್ದಲಕ್ಕೆ ಹಣ ಕೊಟ್ಟರು. ಸಂಸ್ಥೆಯ ಅಂತರಜಾಲ ಪುಟದಲ್ಲಿ ಯೂನಿಟ್ಟಿನ ಆ ಕ್ಷಣದ ಅಂದಾಜು ಮೌಲ್ಯವನ್ನು ‘ಐಎನ್‌ಎವಿ’ ಎಂಬ ಹೆಸರಿನಲ್ಲಿ ತೋರಿಸುತ್ತಾರೆ. ಅದನ್ನು ನೋಡಿ, ಇಂತಿಷ್ಟಕ್ಕಿಂತ ಹೆಚ್ಚು ಕೊಡಲಾರೆ ಎಂದು ದರ ನಮೂದಿಸುವ ‘ಲಿಮಿಟ್ ಆರ್ಡರ್’ ಕ್ರಮದಲ್ಲಿಯೇ ಕೊಳ್ಳಬೇಕು. ಅಕ್ಷಯ ತೃತೀಯದ ದಿನವೇ ಕೊಳ್ಳಬೇಕೆಂಬ ಹಟವಂತೂ ಬೇಡ.

ಡಿಮ್ಯಾಟ್ ಖಾತೆ ಬೇಡವೆನ್ನುವವರಿಗೆ ಇಟಿಎಫ್‌ನಲ್ಲಿಯೇ ಹಣ ತೊಡಗಿಸುವ ‘ಗೋಲ್ಡ್ ಫಂಡ್’ಗಳಿವೆ, ತಿಂಗಳಿಗೆ ಐನೂರು ರೂಪಾಯಿಯಂಥ ಸಣ್ಣ ಮೊತ್ತವೂ ನಡೆಯುತ್ತದೆ. ಆದರೆ ಅಲ್ಲಿ ಎರಡು ಖರ್ಚುಗಳು ಒಂದರ ಮೇಲೊಂದು ಬೀಳುತ್ತವೆ. ಡಿಮ್ಯಾಟ್ ಶುಲ್ಕದ ಭಯ ಮಾತ್ರ ಈಗ ಕಾರಣವಾಗಬೇಕಿಲ್ಲ. ಒಬ್ಬರಿಗೆ ಒಂದೇ ಖಾತೆಯಿದ್ದು ಅದರ ಮೌಲ್ಯ 4 ಲಕ್ಷ ರೂಪಾಯಿಯೊಳಗಿದ್ದರೆ, ಮೂಲಭೂತ ಸೇವೆಯ ಖಾತೆಯೆಂಬ ವರ್ಗದಲ್ಲಿ ವಾರ್ಷಿಕ ಶುಲ್ಕವಿಲ್ಲವೆಂದು 2024ರ ಸೆಪ್ಟೆಂಬರಿನಿಂದ ಸೆಬಿ ನಿಯಮ ಮಾಡಿದೆ. ತೆರಿಗೆಯ ವಿಷಯದಲ್ಲಿ, 2024ರ ಜುಲೈ ಬಜೆಟ್ಟಿನ ಬದಲಾವಣೆಯಂತೆ, ಇಟಿಎಫ್ ಯೂನಿಟ್‌ಗಳನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದರೆ ಲಾಭದ ಮೇಲೆ ಶೇಕಡಾ 12.5; ಗೋಲ್ಡ್ ಫಂಡ್‌ಗೂ ಒಡವೆಗೂ ಈ ಅವಧಿ 24 ತಿಂಗಳು. ಸರ್ಕಾರದ ಚಿನ್ನದ ಬಾಂಡ್ ಇವೆಲ್ಲಕ್ಕಿಂತ ಮೇಲಾಗಿತ್ತು. ಅದಕ್ಕೆ ಖರ್ಚಿನ ಬದಲು ವರ್ಷಕ್ಕೆ ಶೇಕಡಾ 2.5ರ ಬಡ್ಡಿಯೇ ಬರುತ್ತಿತ್ತು. ಆದರೆ 2015ರ ನವೆಂಬರಿನಲ್ಲಿ ಆರಂಭವಾದ ಆ ಮಾಲಿಕೆಯಲ್ಲಿ 2024ರ ಫೆಬ್ರವರಿಯ ನಂತರ ಹೊಸ ಕಂತು ಬರಲಿಲ್ಲ. ದೂರವಾಣಿಯ ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಮಾರುವ ‘ಡಿಜಿಟಲ್ ಗೋಲ್ಡ್’ ಇಟಿಎಫ್ ಅಲ್ಲ. ಅದು ತನ್ನ ನಿಯಂತ್ರಣಕ್ಕೆ ಒಳಪಟ್ಟಿಲ್ಲವೆಂದು ಸೆಬಿ 2025ರ ನವೆಂಬರಿನಲ್ಲಿ ಸಾರ್ವಜನಿಕವಾಗಿ ಎಚ್ಚರಿಸಿದೆ. ಎರಡನ್ನೂ ಒಂದೆಂದು ತಿಳಿದವರು ಬಹಳ ಮಂದಿ.

ಭಾವನವರ ಪ್ರಶ್ನೆ

ಕೈಯಲ್ಲಿ ಹಿಡಿಯಲು ಬಾರದ್ದು ಬಂಗಾರವೇ ಎಂದು ಭಾವನವರು ಕೇಳಿದ್ದನ್ನು ನಾನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಅವರು ಮೆಕ್ಕೆಜೋಳ, ಹತ್ತಿ ಬೆಳೆಯುವ ರೈತರು. ಎಷ್ಟೋ ಮುಂಗಾರುಗಳಲ್ಲಿ ಬೀಜ ಗೊಬ್ಬರಕ್ಕೆ ಅಕ್ಕನ ಸರ ಬ್ಯಾಂಕಿಗೆ ಹೋಗಿ, ಸುಗ್ಗಿಯ ಹೊತ್ತಿಗೆ ಮರಳಿ ಕೊರಳಿಗೆ ಬಂದಿದೆ. ಇಟಿಎಫ್‌ನ ಯೂನಿಟ್ಟಿಗೆ ಈ ಶಕ್ತಿ ಇಲ್ಲ. ಚಿನ್ನದ ಸಾಲ ಕುರಿತು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿ ಆಭರಣ ಮತ್ತು ನಾಣ್ಯಗಳ ಮೇಲೆ ಸಾಲಕ್ಕೆ ಅವಕಾಶವಿದ್ದು, ಚಿನ್ನದ ಗಟ್ಟಿಯ ಮೇಲಾಗಲಿ ಚಿನ್ನದ ಇಟಿಎಫ್ ಯೂನಿಟ್‌ಗಳ ಮೇಲಾಗಲಿ ಸಾಲ ಕೊಡಕೂಡದೆಂದಿದೆ. ಅಡಚಣೆ ಬಂದರೆ ಯೂನಿಟ್ಟನ್ನು ಮಾರಲೇಬೇಕು. ಮಾರಿದ ಮೇಲೆ ದರ ಏರಿದರೆ ಅದು ಮರಳಿ ಬರುವುದಿಲ್ಲ. ಆದುದರಿಂದ ಒಕ್ಕಲುತನದ ಮನೆಯಲ್ಲಿ ಇರುವ ಒಡವೆಯನ್ನೆಲ್ಲ ಮಾರಿ ಖಾತೆಗೆ ಹಾಕುವ ಸಲಹೆಯನ್ನು ನಾನು ಕೊಡಲಾರೆ.

ದರ ಇಳಿಯುವುದೇ ಇಲ್ಲವೆಂಬ ಭ್ರಮೆಯೂ ಬೇಡ. 10 ಗ್ರಾಮಿಗೆ 2025ರ ಏಪ್ರಿಲಿನಲ್ಲಿ ಒಂದು ಲಕ್ಷ ದಾಟಿದ್ದನ್ನು ಎಲ್ಲರೂ ನೆನೆಯುತ್ತಾರೆ. 2012ರ ಕೊನೆಯಲ್ಲಿ 31,000 ರೂಪಾಯಿಯ ಆಸುಪಾಸಿನಲ್ಲಿ ಕೊಂಡವರು 2015ರಲ್ಲಿ ಅದು ಸುಮಾರು 26,000ಕ್ಕೆ ಇಳಿದದ್ದನ್ನು ಕಂಡು, ಹಾಕಿದ ಹಣ ಮತ್ತೆ ಕಾಣಲು ವರ್ಷಗಟ್ಟಲೆ ಕಾದದ್ದನ್ನು ಈಗ ಯಾರೂ ಮಾತನಾಡುವುದಿಲ್ಲ. ಕೊನೆಗೊಮ್ಮೆ ಯೂನಿಟ್ ಮಾರಿ ಒಡವೆ ಮಾಡಿಸುವುದೇ ಉದ್ದೇಶವಾದರೆ ಮಜೂರಿಯೂ ಜಿಎಸ್‌ಟಿಯೂ ಆಗ ಬಂದೇ ಬರುತ್ತವೆ. ಇಟಿಎಫ್‌ನಿಂದ ಉಳಿಯುವುದು ನಡುವೆ ಕರಗಿಸಿ ಮಾಡಿಸುವ ಎರಡನೆಯ ಮಜೂರಿ, ಶುದ್ಧತೆಯ ಸಂಶಯ, ಕಳ್ಳರ ಭಯ. ನನ್ನ ಲೆಕ್ಕದಲ್ಲಿ ಅಷ್ಟಾದರೂ ಸಣ್ಣದಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕ ಕೇಳಿದ ಒಂದು ಮಾತಿಗೆ ನಾವು ಮೂವರೂ ಸುಮ್ಮನಾದೆವು. “ಖಾತೆ ಯಾರ ಹೆಸರಿಲೆ ಇರತೈತಿ?”

ಖಾತೆ ಭಾವನವರ ಹೆಸರಿನಲ್ಲಿ ಎಂದೇ ನಾವೆಲ್ಲ ಭಾವಿಸಿದ್ದೆವು. ಹೆಣ್ಣಿಗೆ ಕೊಟ್ಟ ಒಡವೆ ಆಕೆಯ ಸ್ತ್ರೀಧನ. ಅದು ಆಕೆಯದೇ ಸೊತ್ತು, ಗಂಡನ ಮನೆಯವರು ಕೇವಲ ಕಾಯುವವರು ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲಿಯೇ ತೀರ್ಮಾನಿಸಿದೆ. ಮಗಳಿಗೆಂದು ಮನಸ್ಸಿನಲ್ಲಿಟ್ಟುಕೊಂಡು ತಂದೆಯ ಖಾತೆಗೆ ಕೊಂಡ ಯೂನಿಟ್ ಮಾತ್ರ ತಂದೆಯ ಸೊತ್ತೇ. ನಾಳೆ ಅವರಿಗೆ ಏನಾದರೂ ಆದರೆ ಅದು ಎಲ್ಲ ವಾರಸುದಾರರ ನಡುವೆ ಹಂಚಿಕೆಗೆ ಬರುತ್ತದೆ. ನಾಮಿನಿಯೆಂದು ಮಗಳ ಹೆಸರು ಬರೆಸಿದರೂ ಸಾಲದು. ನಾಮಿನಿ ಪಡೆದುಕೊಳ್ಳುವವರೇ ಹೊರತು ಒಡೆಯರಲ್ಲ, ವಾರಸಿನ ಕಾನೂನೇ ಮೇಲೆಂದು ಷೇರುಗಳ ವಿಷಯದಲ್ಲಿ ಅದೇ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಹೇಳಿದೆ. ಪೆಟ್ಟಿಗೆಯ ಬಂಗಾರವನ್ನು ಅವ್ವ ಮಗಳ ಕೈಗೆ ಕೊಟ್ಟರೆ ಕೊಟ್ಟಂತೆ. ಖಾತೆಯ ಬಂಗಾರಕ್ಕೆ ಹೆಸರೇ ಕೈ.

ವಯಸ್ಸಿಗೆ ಬಂದ ಮಗಳಿಗೆ ತಂದೆತಾಯಿ ಕೊಟ್ಟ ಕೊಡುಗೆಗೆ ತೆರಿಗೆಯಿಲ್ಲ; ಮುಂದೆ ಬರುವ ಲಾಭವೂ ಆಕೆಯದೇ, ತೆರಿಗೆಯೂ ಆಕೆಯದೇ. ಅಪ್ರಾಪ್ತ ಮಕ್ಕಳ ಹೆಸರಿನಲ್ಲಿ ಪೋಷಕರ ಮೂಲಕ ಡಿಮ್ಯಾಟ್ ಖಾತೆ ತೆರೆಯಬಹುದು, ಆದರೆ ಲಾಭವನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸುತ್ತಾರೆ. ಗಂಡ ಕೊಟ್ಟ ಹಣದಿಂದ ಹೆಂಡತಿಯ ಹೆಸರಿನಲ್ಲಿ ಕೊಂಡರೂ ಲಾಭ ಗಂಡನ ಲೆಕ್ಕಕ್ಕೇ. ಅದರಿಂದ ಒಡೆತನಕ್ಕೇನೂ ಬಾಧೆಯಿಲ್ಲ.

ಅಂದು ಸಂಜೆ ತೀರ್ಮಾನವಾದದ್ದು ಇಷ್ಟು. ಅಕ್ಕನ ಕೊರಳಿನದು, ಕೈಯದು ಇದ್ದಲ್ಲಿಯೇ ಇರಬೇಕು. ಮುಂಗಾರಿಗೆ ಅದು ಬೇಕು. ಕಿರಿಯಳಿಗೆಂದು ಇನ್ನು ಮುಂದೆ ಹಬ್ಬಕ್ಕೆ ಸಣ್ಣ ಒಡವೆ ಕೊಳ್ಳುವುದಿಲ್ಲ. ಆ ಹಣ ಆಕೆಯದೇ ಡಿಮ್ಯಾಟ್ ಖಾತೆಗೆ, ವೆಚ್ಚ 0.5ಕ್ಕೆ ಮೀರದ, ದಿನದಿನವೂ ಸಾಕಷ್ಟು ವಹಿವಾಟಿರುವ ಒಂದೇ ನಿಧಿಗೆ. ಅಕ್ಕ ತನ್ನ ಹಳೆಯ ನೋಟುಬುಕ್ಕನ್ನು ತಂದು ಹೊಸ ಪುಟ ತೆರೆದಳು. ಖಾತೆಯ ಸಂಖ್ಯೆ, ನಿಧಿಯ ಹೆಸರು, ಯೂನಿಟ್‌ಗಳ ಸಂಖ್ಯೆ ಎಂದು ನನ್ನಿಂದ ಮೂರು ಮನೆ ಹಾಕಿಸಿಕೊಂಡು, ನಾನು ಹೇಳದಿದ್ದರೂ ನಾಲ್ಕನೆಯದೊಂದನ್ನು ತಾನೇ ಗೆರೆ ಎಳೆದು ಮಾಡಿದಳು. ಅದರ ಮೇಲೆ ‘ನಿಜವಾದ ಗ್ರಾಂ’ ಎಂದು ಬರೆದಳು.